ಲಿಂಕ್ ತೆಗೆಸಿದರೆ ಚೈನು ಹೊಸದಾಗುವುದಿಲ್ಲ

ಏರಿನಲ್ಲಿ ಒತ್ತಿ ತುಳಿದಾಗ ಚೈನು ‘ಟಕ್’ ಎಂದು ಒಂದು ಹಲ್ಲು ಹಾರುತ್ತದೆ, ಕಾಲು ಒಮ್ಮೆಲೇ ಕೆಳಕ್ಕೆ ಜಾರುತ್ತದೆ. ಮೈಸೂರಾಗಲಿ ಮಂಡ್ಯವಾಗಲಿ, ಸೈಕಲ್ ಶಾಪಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಚೈನ್ ಲೂಸಾಗಿದೆ, ಒಂದು ಲಿಂಕ್ ತೆಗೆದುಬಿಡೋಣ.’ ಐದು ನಿಮಿಷದ ಕೆಲಸ. ಚೈನು ಜೋಲುವುದು ನಿಲ್ಲುತ್ತದೆ, ಹಲ್ಲು ಹಾರುವುದು ಮಾತ್ರ ಸ್ವಲ್ಪ ದಿನದಲ್ಲೇ ಮತ್ತೆ ಶುರು. ಲಿಂಕ್ ತೆಗೆದಾಗ ಕಡಿಮೆಯಾದದ್ದು ಚೈನಿನ ಒಟ್ಟು ಉದ್ದ. ಕೆಟ್ಟಿರುವುದು ಒಂದೊಂದು ಪಿನ್ನಿನ ನಡುವಿನ ಅಂತರ.

ಆ ಅಂತರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಲಿನ ಕ್ಯಾನು ಹೊರುವ ಹಳೆಯ ಸೈಕಲ್ಲಿಗೂ 21 ಗೇರಿನ ಹೈಬ್ರಿಡ್ ಸೈಕಲ್ಲಿಗೂ ಇದೇ ಅಳತೆ. ಚೈನು ಹಿಗ್ಗಿತು ಎನ್ನುವುದು ರೂಢಿಯ ಮಾತು; ಅದರ ಪಟ್ಟಿಗಳೇನೂ ಹಿಗ್ಗುವುದಿಲ್ಲ. ಪಿನ್ನು, ಮತ್ತು ಪಿನ್ನು ಕೂತು ತಿರುಗುವ ಜಾಗ, ಇವೆರಡೂ ಒಂದನ್ನೊಂದು ಉಜ್ಜಿ ಸವೆಯುತ್ತವೆ. ಒಂದೊಂದು ಪಿನ್ನಿನ ಹತ್ತಿರ ಮಿಲಿಮೀಟರಿನ ನೂರನೇ ಆರು ಭಾಗದಷ್ಟು ಸವೆದರೂ 110 ಪಿನ್ನಿನ ಚೈನು ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಚೈನ್‌ವೀಲಿನ, ಅಂದರೆ ಪೆಡಲಿನ ಜೊತೆ ತಿರುಗುವ ಮುಂದಿನ ಹಲ್ಲುಚಕ್ರದ, ಹಲ್ಲುಗಳು ಇನ್ನೂ 12.7ರ ಲೆಕ್ಕದಲ್ಲೇ ಇರುತ್ತವೆ. ಅಳತೆ ತಪ್ಪಿದ ಚೈನಿನ ರೋಲರ್ (ಪಿನ್ನಿನ ಸುತ್ತ ತಿರುಗುವ ಉರುಳೆ) ಹಲ್ಲಿನ ಬುಡದಲ್ಲಿ ಕೂರದೆ ತುದಿಯತ್ತ ಏರಿ ಕೂರುತ್ತದೆ. ಹತ್ತಾರು ಹಲ್ಲುಗಳು ಹಂಚಿಕೊಳ್ಳಬೇಕಿದ್ದ ಭಾರ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ, ಹಲ್ಲು ಕೊಕ್ಕೆಯಂತೆ ಬಾಗಿದ ಆಕಾರಕ್ಕೆ ಸವೆಯುತ್ತದೆ. ಚೈನೇ ಹಲ್ಲನ್ನು ತಿನ್ನುತ್ತದೆ, ಹಲ್ಲು ಚೈನನ್ನಲ್ಲ. ಆದ್ದರಿಂದ ಅಗ್ಗದ ಭಾಗವಾದ ಚೈನನ್ನು ಸಕಾಲಕ್ಕೆ ಬದಲಿಸಿದರೆ ದುಬಾರಿ ಭಾಗಗಳು ಉಳಿಯುತ್ತವೆ.

ಸಕಾಲ ಯಾವುದು ಎಂದು ತಿಳಿಯಲು ವಿಶೇಷ ಗೇಜು ಬೇಕಿಲ್ಲ, ಬಡಗಿಗಳ ಸ್ಟೀಲ್ ಟೇಪು ಸಾಕು. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲುಗುವಂತೆಯೇ ಮಾಡಿರುತ್ತಾರಾದ್ದರಿಂದ ಅಲ್ಲಿಂದ ಅಳೆಯಬೇಡಿ. ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಿ, ಮೇಲಿನ ಚೈನು ಬಿಗಿಯಾದಾಗ ಒಂದು ಪಿನ್ನಿನ ನಡುವಿಗೆ 10 ಸೆಂ.ಮೀ. ಗುರುತು ಇಡಿ. ಅದನ್ನು ಬಿಟ್ಟು ಎಣಿಸಿದರೆ 24ನೇ ಪಿನ್ನಿನ ನಡು 40.48 ಸೆಂ.ಮೀ.ನಲ್ಲಿ ಇರಬೇಕು, ಹೊಸ ಚೈನಿನಲ್ಲಿ 24 ಅಂತರಕ್ಕೆ 304.8 ಮಿ.ಮೀ. ಬರುತ್ತದೆ. ಇದು 1.5 ಮಿ.ಮೀ. ಜಾಸ್ತಿಯಾಗಿದ್ದರೆ, ಅಂದರೆ ಅರ್ಧ ಪರ್ಸೆಂಟ್ ಸವೆದಿದ್ದರೆ, ಗೇರ್ ಸೈಕಲ್ಲಿಗೆ ಹೊಸ ಚೈನು ಹಾಕಿಸುವ ಹೊತ್ತು. 3 ಮಿ.ಮೀ. ದಾಟಿದ್ದರೆ ಹಿಂದಿನ ಚಕ್ರದ ಹಲ್ಲುಗಳಿರುವ ಫ್ರೀವೀಲೂ ಹೋಗಿದೆ ಎಂದೇ ತಿಳಿಯಿರಿ. ಅದನ್ನು ಬಿಟ್ಟು ಬರೀ ಚೈನು ಬದಲಿಸಿದರೆ ಹೊಸ ಚೈನು ಹಳೆಯ ಹಲ್ಲಿನ ಮೇಲೆ ಮೊದಲಿಗಿಂತ ಹೆಚ್ಚು ಹಾರುತ್ತದೆ, ಬೈಗುಳ ಶಾಪಿನವರಿಗೆ. ಗೇರಿಲ್ಲದ ಸೈಕಲ್ಲಿನ ಹಲ್ಲು ದಪ್ಪ, ಚೈನು ಪಕ್ಕಕ್ಕೆ ಸರಿಯುವ ಕೆಲಸವೂ ಇಲ್ಲ. ಅಲ್ಲಿ 3 ಮಿ.ಮೀ. ತನಕ ತಡೆದುಕೊಳ್ಳಬಹುದು.

ಚೈನ್‌ವೀಲನ್ನು ನೋಡುವ ಕ್ರಮ ಬೇರೆ. ಅದು ಕ್ರಾಂಕಿಗೆ, ಅಂದರೆ ಪೆಡಲಿನ ತೋಳಿಗೆ, ಬಿಗಿದಿರುವುದರಿಂದ, ಕಾಲಿನ ಪೂರ್ತಿ ಬಲ ಬೀಳುವ ಗಳಿಗೆಯಲ್ಲಿ ಚೈನಿಗೆ ಸಿಗುವುದು ಪ್ರತಿ ಸುತ್ತಿನಲ್ಲೂ ಅವೇ ಹಲ್ಲುಗಳು. ಕ್ರಾಂಕ್ ನೆಲಕ್ಕೆ ಸಮನಾಗಿ ಮುಂದೆ ಇದ್ದಾಗ ಬಲ ಹೆಚ್ಚು. ಆಗ ಎಳೆತ ಹೊರುವುದು ಮೇಲ್ಭಾಗದ ಹಲ್ಲುಗಳು. ಹಾಗಾಗಿ ಕ್ರಾಂಕಿಗೆ ಅಡ್ಡಲಾಗಿರುವ ಎರಡು ಕಡೆಯ ಹಲ್ಲು ಬೇಗ ಸವೆಯುತ್ತವೆ, ಕ್ರಾಂಕಿನ ನೇರದಲ್ಲಿರುವವು ಹೊಸದರಂತೆ ಉಳಿಯುತ್ತವೆ. ಎರಡನ್ನೂ ಹೋಲಿಸಿ ನೋಡಿದರೆ ಸವೆತ ಎಷ್ಟೆಂದು ಆ ಚೈನ್‌ವೀಲೇ ಹೇಳುತ್ತದೆ. ಫ್ರೀವೀಲಿಗೆ ಈ ಪರೀಕ್ಷೆ ನಡೆಯದು, ಅಲ್ಲಿ ಎಲ್ಲ ಹಲ್ಲೂ ಸರದಿಯ ಮೇಲೆ ಸವೆಯುತ್ತವೆ.

ಎಲ್ಲ ‘ಟಕ್’ ಸದ್ದೂ ಹಲ್ಲಿನದಲ್ಲ. ಹಿಂದೆ ಒಂದೇ ಒಂದು ಗೇರಿನಲ್ಲಿ, ಅದೂ ಒತ್ತಿ ತುಳಿದಾಗ ಮಾತ್ರ ಹಾರಿದರೆ ಆ ಗೇರಿನ ಹಲ್ಲಿನ ಬಿಲ್ಲೆ ಸವೆದಿದೆ. ಎಲ್ಲ ಗೇರಿನಲ್ಲೂ ತಾಳ ಹಾಕಿದಂತೆ, ಪೆಡಲಿನ ಎರಡೂವರೆ ಸುತ್ತಿಗೊಮ್ಮೆ ಜಿಗಿದರೆ ಒಂದು ಲಿಂಕ್ ಬಿಗಿದುಕೊಂಡಿದೆ: 110 ಪಿನ್ನಿನ ಚೈನು 44 ಹಲ್ಲಿನ ಚೈನ್‌ವೀಲಿನ ಮೇಲೆ ಒಮ್ಮೆ ಪೂರ್ತಿ ಸುತ್ತಿ ಬರಲು ಎರಡೂವರೆ ಸುತ್ತು ಬೇಕು. ಚೈನು ಕೂತಲ್ಲೇ ಕೂತಿದ್ದು ಪೆಡಲ್ ಮಾತ್ರ ಜಾರಿದರೆ ಫ್ರೀವೀಲಿನ ಒಳಗಿನ ನಾಲಿಗೆಗಳು ಗಟ್ಟಿಯಾದ ಗ್ರೀಸಿನಲ್ಲಿ ಅಂಟಿವೆ. ಮುಂದೆ ಕೆಳಭಾಗದಲ್ಲಿ ಚೈನು ಹಲ್ಲನ್ನು ಬಿಡದೆ ಅದರ ಜೊತೆಗೇ ಮೇಲಕ್ಕೆ ಸುತ್ತಿಕೊಂಡರೆ ಅದು ಕೊಕ್ಕೆಯಾದ ಚೈನ್‌ವೀಲಿನ ಕೆಲಸ. ಮಳೆಗಾಲದ ಕೆಸರಿನಲ್ಲಿ, ಚಿಕ್ಕ ಚೈನ್‌ವೀಲಿನಲ್ಲಿ ಇದು ಜಾಸ್ತಿ.

ಗೇರು ಆರಿಸುವ ರೀತಿಗೂ ಸವೆತಕ್ಕೂ ನೇರ ಸಂಬಂಧವಿದೆ, ಹೆಚ್ಚಿನವರು ಗಮನಿಸದಿರುವುದು ಇದನ್ನೇ. 28-38-48 ಹಲ್ಲಿನ ಮೂರು ಚೈನ್‌ವೀಲು, ಹಿಂದೆ 14ರಿಂದ 28 ಹಲ್ಲಿನ ಏಳು ಬಿಲ್ಲೆ, ಇದು ಹೈಬ್ರಿಡ್‌ಗಳಲ್ಲಿ ಸಾಮಾನ್ಯ ಜೋಡಣೆ. ಡಬ್ಬದ ಮೇಲೆ 21 ಗೇರ್ ಎಂದಿರುತ್ತದೆ, ಆದರೆ ಅವುಗಳಲ್ಲಿ ಎಷ್ಟೋ ಒಂದರ ಮೇಲೊಂದು ಬೀಳುತ್ತವೆ. ಮುಂದೆ 48, ಹಿಂದೆ 24 ಹಾಕಿದರೂ, ಮುಂದೆ 28, ಹಿಂದೆ 14 ಹಾಕಿದರೂ ಅನುಪಾತ ಎರಡೇ. ಕಾಲಿಗೆ ವ್ಯತ್ಯಾಸ ತಿಳಿಯದು. ಚೈನಿಗೆ ಚೆನ್ನಾಗಿ ತಿಳಿಯುತ್ತದೆ. 170 ಮಿ.ಮೀ. ಕ್ರಾಂಕಿನ ಮೇಲೆ 20 ಕೆಜಿ ಬಲ ಹಾಕಿದರೆ 48 ಹಲ್ಲಿನಲ್ಲಿ ಚೈನಿನ ಎಳೆತ ಸುಮಾರು 35 ಕೆಜಿ, 38ರಲ್ಲಿ 44, 28ರಲ್ಲಿ 60. ಅದರ ಮೇಲೆ, 14 ಹಲ್ಲಿನ ಬಿಲ್ಲೆ ಸುತ್ತುವಾಗ ಪ್ರತಿ ಪಿನ್ನು ಸುಮಾರು 26 ಡಿಗ್ರಿ ಬಾಗಬೇಕು, 24ರಲ್ಲಾದರೆ 15 ಡಿಗ್ರಿ. ಎಳೆತ ಹೆಚ್ಚು, ಬಾಗುವಿಕೆಯೂ ಹೆಚ್ಚು. ಪಿನ್ನು ಸವೆಯಲು ಇನ್ನೇನು ಬೇಕು? ಆದರೆ ಈ ಎರಡು ಜೋಡಿಯಲ್ಲೂ ಚೈನು ಓರೆಯಾಗಿ ಓಡುತ್ತದೆ. ನಡುವಿನ 38ರಲ್ಲಿ 18 ಅಥವಾ 20 ಹಾಕಿದರೆ ಹೆಚ್ಚುಕಮ್ಮಿ ಅದೇ ಗೇರು ಸಿಗುತ್ತದೆ, ಚೈನೂ ನೇರವಾಗಿರುತ್ತದೆ.

ದಿನಾ ಕೆಲಸಕ್ಕೆ ಓಡಾಡುವವರಿಗೆ ಆ ನಡುವಿನ ಚೈನ್‌ವೀಲೊಂದೇ ಬಹುತೇಕ ಸಾಕು. 700×35 ಟೈರಿನ ಸುತ್ತಳತೆ ಸುಮಾರು 2.17 ಮೀಟರ್, 38×14ರಲ್ಲಿ (ಮುಂದೆ 38, ಹಿಂದೆ 14 ಹಲ್ಲು) ಪೆಡಲಿನ ಒಂದು ಸುತ್ತಿಗೆ 5.9 ಮೀಟರ್, 38×28ರಲ್ಲಿ 2.9 ಮೀಟರ್ ಸಾಗುತ್ತೀರಿ. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 12ರಿಂದ 25 ಕಿ.ಮೀ. ಸರಸ್ವತಿಪುರಂನಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರಲು ಇದಕ್ಕಿಂತ ಹೆಚ್ಚು ಬೇಕಿಲ್ಲ. 28 ಹಲ್ಲಿನದು ಬೇಕಾಗುವುದು ಊರಿಗಿಂತ ಸುಮಾರು 300 ಮೀಟರ್ ಎತ್ತರದ ಚಾಮುಂಡಿ ಬೆಟ್ಟ ಹತ್ತುವವರಿಗೆ.

ಮಂಡ್ಯದ ಕಡೆ ಲೆಕ್ಕ ಬೇರೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ ಏರೇ ಕಡಿಮೆ, 44 ಹಲ್ಲಿನ ಚೈನ್‌ವೀಲು, 18 ಹಲ್ಲಿನ ಫ್ರೀವೀಲಿರುವ ಗೇರಿಲ್ಲದ ಸೈಕಲ್ಲೇ ಅಲ್ಲಿಗೆ ಸರಿ. ಒಂದು ಸುತ್ತಿಗೆ ಐದೂವರೆ ಮೀಟರಿನಷ್ಟು ಹೋಗುತ್ತದೆ. ಅದನ್ನೇ ನೂರು ಮೀಟರಿಗೆ 5 ಮೀಟರ್ ಏರುವ ರಸ್ತೆಗೆ ತಂದರೆ, ಸವಾರ ಮತ್ತು ಸೈಕಲ್ ಸೇರಿ 85 ಕೆಜಿ ಇದ್ದಲ್ಲಿ, ಪೆಡಲಿನ ಮೇಲೆ ಸರಾಸರಿ 26 ಕೆಜಿ ಬಲ ಬೇಕು. 38×28ರಲ್ಲಿ ಅದೇ ಏರಿಗೆ 14 ಕೆಜಿ ಸಾಕು. ಹುಲ್ಲಿನ ಹೊರೆ, ಹಾಲಿನ ಕ್ಯಾನು ಸಾಗಿಸುವವರು 18ರ ಬದಲು 20 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಹತ್ತನೇ ಒಂದು ಭಾಗ ಹಗುರ. ಅದೇ ಚೈನೇ ಸಾಕಾಗುತ್ತದೆ, ಹಿಂದಿನ ಚಕ್ರವನ್ನು 6 ಮಿ.ಮೀ.ನಷ್ಟು ಮುಂದೆ ಸರಿಸಿದರಾಯಿತು. ಬಿಗಿ ಮಾಡುವಾಗ ಪೆಡಲ್ ತಿರುಗಿಸಿ ಚೈನು ಅತಿ ಬಿಗಿಯಾಗುವ ಜಾಗ ಹುಡುಕಿ, ಅಲ್ಲಿ ಕೆಳಗಿನ ಚೈನಿನ ನಡುಭಾಗ ಅರ್ಧ ಇಂಚು ಮೇಲೆ ಕೆಳಗೆ ಆಡುವಂತಿರಲಿ.

ನಾಲೆ ಏರಿಯ ದೂಳು, ಕಬ್ಬಿನ ಗಾಡಿ ಹೋದ ದಾರಿಯ ಮಣ್ಣು ಚೈನಿನ ಎಣ್ಣೆಗೆ ಸೇರಿದರೆ ಸಾಣೆ ಹಿಡಿಯುವ ಲೇಪವೇ ತಯಾರು. ಬಟ್ಟೆಯಲ್ಲಿ ಚೈನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ ಒರೆಸಿ, ಒಂದೊಂದು ರೋಲರಿಗೆ ಒಂದೇ ತೊಟ್ಟು ಹೊಲಿಗೆ ಮಿಷನ್ ಎಣ್ಣೆ ಬಿಡಿ. ಪೂರ್ತಿ ಚೈನಿಗೆ 5 ಮಿ.ಲೀ. ಸಾಕು. ಎಣ್ಣೆ ಒಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿ ತೆಗೆಯಿರಿ, ಹೊರಗೆ ಉಳಿದದ್ದು ದೂಳನ್ನು ಕರೆಯುತ್ತದೆ ಅಷ್ಟೆ. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್ ಬೇಡ, ಅದರಲ್ಲಿ ಮಸಿ, ಲೋಹದ ಪುಡಿ ಮೊದಲೇ ಸೇರಿರುತ್ತವೆ. ಕೊಬ್ಬರಿ ಎಣ್ಣೆಯೂ ಬೇಡ.

ಭಾಗ ಕೊಳ್ಳುವಾಗ ಚೈನಿನ ಒಳ ಅಗಲ ಹೇಳಿ ಕೇಳಿ: ಗೇರಿಲ್ಲದ್ದಕ್ಕೆ ಇಂಚಿನ ಎಂಟನೇ ಒಂದು, 6-7-8 ಗೇರಿನ ಫ್ರೀವೀಲಿಗೆ 32ರಲ್ಲಿ 3. ಚೈನ್‌ವೀಲನ್ನು ಬೋಲ್ಟಿನಿಂದ ಬಿಗಿದಿದ್ದರೆ ಅದೊಂದನ್ನೇ ಬದಲಿಸಬಹುದು. ರಿವೆಟ್ ಹೊಡೆದದ್ದಾದರೆ ಕ್ರಾಂಕ್ ಸಮೇತ ಬದಲಿಸಬೇಕು, ಕ್ರಾಂಕನ್ನು ಕಾಟರ್ ಪಿನ್ನೆಂಬ ಬೆಣೆಯಿಂದ ಬಿಗಿದ ಹಳೆಯ ಸೈಕಲ್ಲಿಗೂ ಹಾಗೇ. ಫ್ರೀವೀಲನ್ನು ಪ್ರತಿ ತುಳಿತವೂ ಇನ್ನಷ್ಟು ಬಿಗಿಯುತ್ತಿರುತ್ತದೆ; ಅದಕ್ಕೆ ಸರಿಯಾದ ಟೂಲನ್ನು ವೈಸಿನಲ್ಲಿ ಕಚ್ಚಿಸಿ, ಇಡೀ ಚಕ್ರವನ್ನೇ ಸ್ಟೇರಿಂಗಿನಂತೆ ಎಡಕ್ಕೆ ತಿರುಗಿಸಿ ಬಿಚ್ಚುತ್ತಾರೆ. ಹೊಸದನ್ನು ಹಾಕುವಾಗ ಮರೆಗೆ (ತಿರುಪಿನ ಗೆರೆಗಳಿಗೆ) ಗ್ರೀಸ್ ಹಚ್ಚಿಸಿ. ರಿಮ್ಮನ್ನೂ ಬದಲಿಸುವುದಿದ್ದರೆ ಸ್ಪೋಕ್ಸ್ ಕತ್ತರಿಸುವ ಮೊದಲೇ ಫ್ರೀವೀಲ್ ಬಿಚ್ಚಿಸಿಕೊಳ್ಳಿ, ಕತ್ತರಿಸಿದ ಮೇಲೆ ತಿರುಗಿಸಲು ಹಿಡಿತವೇ ಇರುವುದಿಲ್ಲ.