ಪರದೆಯಷ್ಟೇ ಸಾಕು

ಟಿವಿ ಕೊಳ್ಳಲು ಅಂಗಡಿಗೆ ಹೋದವರು ಎಷ್ಟು ಇಂಚು, ಫೋರ್‌ಕೆ ಹೌದೋ ಅಲ್ಲವೋ, ಯಾವ ಯಾವ ಆ್ಯಪ್ ಬರುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಇಂಟರ್ನೆಟ್ ಕೊಡದೇ ಇದ್ದರೂ ಇದು ನೆಟ್ಟಗೆ ನಡೆಯುತ್ತದೆಯೇ ಎಂದು ಕೇಳುವವರು ತೀರಾ ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

ದೊಡ್ಡ ಪರದೆಗಳು ಇಷ್ಟು ಅಗ್ಗವಾಗಲು ಪ್ಯಾನೆಲ್ ಕಾರ್ಖಾನೆಗಳ ಭಾರೀ ಪ್ರಮಾಣದ ಉತ್ಪಾದನೆಯೇ ಮುಖ್ಯ ಕಾರಣ. ಆದರೆ ಮಾರಾಟವಾದ ನಂತರವೂ ಟಿವಿ ತನ್ನ ತಯಾರಕರಿಗೆ ದುಡಿದುಕೊಡುತ್ತಿರುತ್ತದೆ ಎಂಬುದೂ ಬೆಲೆಯೊಳಗೆ ಸೇರಿಕೊಂಡಿದೆ. ಅಮೆರಿಕದ ವಿಜಿಯೊ ಕಂಪನಿಯ ಲೆಕ್ಕಪತ್ರಗಳಲ್ಲಿ ಇದು ಎದ್ದು ಕಾಣುತ್ತದೆ. 2021ರ ಹೊತ್ತಿಗೆ ಅದಕ್ಕೆ ಟಿವಿ ಮಾರಿ ಬರುತ್ತಿದ್ದ ಲಾಭಕ್ಕಿಂತ ಜಾಹೀರಾತು ಮತ್ತು ವೀಕ್ಷಣೆಯ ಮಾಹಿತಿಯಿಂದ ಬರುತ್ತಿದ್ದ ಲಾಭವೇ ಹೆಚ್ಚಾಗಿತ್ತು. 2024ರಲ್ಲಿ ವಾಲ್‌ಮಾರ್ಟ್ ಸುಮಾರು 230 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನು ಕೊಂಡಾಗ, ತನ್ನ ಜಾಹೀರಾತು ವ್ಯವಹಾರವನ್ನು ಬೆಳೆಸಲು ಇದು ನೆರವಾಗುತ್ತದೆ ಎಂದು ನೇರವಾಗಿಯೇ ಹೇಳಿಕೊಂಡಿತು.

ಈ ಸಂಪಾದನೆಯ ಹಿಂದಿರುವ ತಂತ್ರಜ್ಞಾನಕ್ಕೆ ಆಟೋಮ್ಯಾಟಿಕ್ ಕಂಟೆಂಟ್ ರೆಕಗ್ನಿಷನ್, ಚಿಕ್ಕದಾಗಿ ಎಸಿಆರ್, ಎಂದು ಹೆಸರು. ಪರದೆಯ ಮೇಲೆ ಮೂಡಿದ ಚಿತ್ರವನ್ನು ಅಥವಾ ಅದರ ಸದ್ದನ್ನು ಟಿವಿಯೊಳಗಿನ ಚಿಪ್ ಆಗಾಗ ಹಿಡಿದಿಟ್ಟುಕೊಳ್ಳುತ್ತದೆ. ಇಡೀ ಚಿತ್ರವನ್ನು ಕಳಿಸಿದರೆ ಡೇಟಾ ಬಹಳ ಖರ್ಚಾಗುತ್ತದೆ. ಹಾಗಾಗಿ ಎಲ್ಲಿ ಬೆಳಕು, ಎಲ್ಲಿ ಕತ್ತಲು, ಯಾವ ಭಾಗದಲ್ಲಿ ಯಾವ ಬಣ್ಣ ಎಂಬಂಥ ಲಕ್ಷಣಗಳನ್ನಷ್ಟೇ ಹೆಕ್ಕಿ ಒಂದು ಪುಟ್ಟ ಸಂಖ್ಯಾಗುರುತನ್ನು ಮಾಡಿಕೊಳ್ಳುತ್ತದೆ. ಮನುಷ್ಯನನ್ನು ಗುರುತಿಸಲು ಅವನ ಇಡೀ ದೇಹ ಬೇಕಿಲ್ಲ, ಬೆರಳಚ್ಚು ಸಾಕಲ್ಲವೇ, ಹಾಗೆ. ಅತ್ತ ಸರ್ವರ್‌ನಲ್ಲಿ ಚಾನೆಲ್‌ಗಳ, ಸಿನಿಮಾಗಳ, ಜಾಹೀರಾತುಗಳ ಇಂಥದೇ ಗುರುತುಗಳ ಭಂಡಾರ ಇರುತ್ತದೆ. ಒಂದು ಗುರುತು ಬೇರೆ ಯಾವುದಕ್ಕೋ ಹೋಲಬಹುದು. ಸಾಲಾಗಿ ಬಂದ ಹತ್ತಾರು ಗುರುತುಗಳು ತಪ್ಪುವುದು ಕಷ್ಟ. ನೀವು ಯಾವ ಚಾನೆಲ್ ನೋಡುತ್ತಿದ್ದಿರಿ, ಜಾಹೀರಾತು ಬಂದೊಡನೆ ಬೇರೆ ಕಡೆ ಹೊರಳಿದಿರೋ ಇಲ್ಲವೋ ಎಂಬುದೂ ಇದರಿಂದ ತಿಳಿದುಬಿಡುತ್ತದೆ.

ಮನೆಯ ಐಪಿ ವಿಳಾಸವನ್ನು ಇದರ ಜೊತೆ ಜೋಡಿಸಿದರೆ ಮಾಹಿತಿಯ ಬೆಲೆ ಏರುತ್ತದೆ. ಅದೇ ವೈಫೈಯಲ್ಲಿರುವ ಫೋನು, ಲ್ಯಾಪ್‌ಟಾಪ್‌ಗಳೂ ಹೊರಜಗತ್ತಿಗೆ ಅದೇ ವಿಳಾಸದಿಂದ ಕಾಣಿಸುತ್ತವಲ್ಲ. ರಾತ್ರಿ ಟಿವಿಯಲ್ಲಿ ಕಂಡದ್ದರ ಜಾಹೀರಾತು ಬೆಳಿಗ್ಗೆ ಫೋನಿನಲ್ಲಿ ಬರಲು ಇಷ್ಟು ಸಾಕು.

ವಿಜಿಯೊ ಸಿಕ್ಕಿಬಿದ್ದದ್ದೂ ಇದರಲ್ಲೇ. 2017ರ ಫೆಬ್ರುವರಿಯಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯ ಹೂಡಿದ ಪ್ರಕರಣವನ್ನು ಅದು 22 ಲಕ್ಷ ಡಾಲರ್ ತೆತ್ತು ಇತ್ಯರ್ಥ ಮಾಡಿಕೊಂಡಿತು. 1 ಕೋಟಿ 10 ಲಕ್ಷ ಟಿವಿಗಳಿಂದ, ನೋಡುಗರಿಗೆ ಸರಿಯಾಗಿ ತಿಳಿಸದೆ, ಸೆಕೆಂಡು ಸೆಕೆಂಡಿನ ಮಾಹಿತಿ ಸಂಗ್ರಹಿಸಿದ ಆರೋಪ ಅದರ ಮೇಲಿತ್ತು. ಆ ಮಾಹಿತಿಗೆ ವಯಸ್ಸು, ಆದಾಯ, ವೈವಾಹಿಕ ಸ್ಥಿತಿ, ಓದಿನ ಮಟ್ಟದಂಥ ವಿವರಗಳನ್ನು ಅಂಟಿಸಿ ಮೂರನೆಯವರಿಗೆ ಮಾರುವ ಏರ್ಪಾಡಿತ್ತು ಎಂದೂ ಆಯೋಗ ಹೇಳಿತ್ತು.

ಸ್ಮಾರ್ಟ್ ಆ್ಯಪ್‌ಗಳನ್ನು ಮುಟ್ಟದೆ ಕೇಬಲ್ ಅಥವಾ ಡಿಶ್ ಮಾತ್ರ ನೋಡಿದರೆ ಈ ತೊಂದರೆ ಇಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಅದು ನಿಜವಲ್ಲ. 2024ರಲ್ಲಿ ಬ್ರಿಟನ್, ಅಮೆರಿಕ ಮತ್ತು ಸ್ಪೇನ್‌ನ ವಿಶ್ವವಿದ್ಯಾಲಯಗಳ ಸಂಶೋಧಕರು ಸೇರಿ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳಿಂದ ಹೊರಹೋಗುವ ದತ್ತಾಂಶವನ್ನು ಅಳೆದು ನೋಡಿದರು. ಪರೀಕ್ಷೆ ನಡೆದದ್ದು ಬ್ರಿಟನ್ ಮತ್ತು ಅಮೆರಿಕದಲ್ಲಿ. ಎಚ್‌ಡಿಎಂಐ ತಂತಿಯಲ್ಲಿ ಲ್ಯಾಪ್‌ಟಾಪ್ ಅಥವಾ ಗೇಮ್ ಯಂತ್ರ ಜೋಡಿಸಿ ಟಿವಿಯನ್ನು ಬರಿಯ ಪರದೆಯಂತೆ ಬಳಸಿದಾಗಲೂ ಎಸಿಆರ್ ಕೆಲಸ ಮಾಡುತ್ತಿತ್ತು. ನೆಟ್‌ಫ್ಲಿಕ್ಸ್, ಯೂಟ್ಯೂಬ್‌ನಂಥ ಆ್ಯಪ್‌ಗಳನ್ನು ಟಿವಿಯಲ್ಲೇ ಹಾಕಿದಾಗ ಅದು ಸುಮ್ಮನಿತ್ತು.

ನಮ್ಮ ಮನೆಗಳಿಗೆ ಇದು ಹತ್ತಿರದ ವಿಷಯ. ಇಲ್ಲಿ ಸೆಟ್‌ಟಾಪ್ ಬಾಕ್ಸ್ ಟಿವಿಗೆ ಸೇರುವುದು ಹೆಚ್ಚಾಗಿ ಎಚ್‌ಡಿಎಂಐ ಮೂಲಕವೇ. ಅಜ್ಜಿ ನೋಡುವ ಧಾರಾವಾಹಿಯೂ ಮಕ್ಕಳು ಪೆನ್‌ಡ್ರೈವ್‌ನಲ್ಲಿ ಹಾಕಿದ ಮದುವೆಯ ವಿಡಿಯೊವೂ ಕೊನೆಗೆ ಮೂಡುವುದು ಅದೇ ಪ್ಯಾನೆಲ್ ಮೇಲೆ. ಪರದೆಯನ್ನೇ ಗಮನಿಸುವ ಯಂತ್ರಕ್ಕೆ ಚಿತ್ರ ಯಾವ ತಂತಿಯಲ್ಲಿ ಬಂತು ಎಂಬುದು ಅಡ್ಡಿಯಾಗಬೇಕಿಲ್ಲ.

ಸಮಾಧಾನದ ಸಂಗತಿಯೂ ಅದೇ ಅಧ್ಯಯನದಲ್ಲಿದೆ: ಸೆಟ್ಟಿಂಗ್ಸ್‌ನಲ್ಲಿ ಸಂಬಂಧಪಟ್ಟ ಎಲ್ಲ ಒಪ್ಪಿಗೆಗಳನ್ನೂ ತೆಗೆದಮೇಲೆ ಎಸಿಆರ್ ಸರ್ವರ್‌ಗಳತ್ತ ಹೋಗುತ್ತಿದ್ದ ದತ್ತಾಂಶ ನಿಂತಿತು. ಆದರೆ ಆ ಒಪ್ಪಿಗೆಗಳು ಒಂದೇ ಕಡೆ ಇರುವುದಿಲ್ಲ, ಹೆಸರಿನಿಂದ ಅರ್ಥವೂ ಹೊಳೆಯುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್, ಎಲ್‌ಜಿಯಲ್ಲಿ ಲೈವ್ ಪ್ಲಸ್, ಸೋನಿಯ ಕೆಲವು ಮಾದರಿಗಳಲ್ಲಿ ಸಾಂಬಾ ಇಂಟರ್‌ಆ್ಯಕ್ಟಿವ್ ಟಿವಿ ಎಂದು ಹುಡುಕಬೇಕು. ನಿಮ್ಮ ಟಿವಿಯಲ್ಲಿ ಈ ಹೆಸರು ಕಂಡರೆ ಇವತ್ತೇ ಆಫ್ ಮಾಡಿ.

ಜಾಹೀರಾತಿನ ಮಾತು ಬದಿಗಿರಲಿ. ಸ್ಮಾರ್ಟ್ ಟಿವಿಗೆ ಇನ್ನೊಂದು ದೌರ್ಬಲ್ಯವಿದೆ. ಒಳ್ಳೆಯ ಪ್ಯಾನೆಲ್ ಹತ್ತು ವರ್ಷ ಬಾಳಬಲ್ಲದು. ಅದರ ಬೆನ್ನಿಗಂಟಿದ ಕಂಪ್ಯೂಟರ್ ನಾಲ್ಕೈದು ವರ್ಷಕ್ಕೇ ತೆವಳತೊಡಗುತ್ತದೆ, ಆಮೇಲೆ ಆ್ಯಪ್‌ಗಳು ಒಂದೊಂದಾಗಿ ಕೈಬಿಡುತ್ತವೆ. 2010 ಮತ್ತು 2011ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ 2019ರ ಡಿಸೆಂಬರ್ 1ರಿಂದ ನೆಟ್‌ಫ್ಲಿಕ್ಸ್ ನಿಂತಿತು. ಪರದೆಗೆ ಏನೂ ಆಗಿರಲಿಲ್ಲ. ಇಷ್ಟು ಬೇರೆ ಬೇರೆ ಆಯುಷ್ಯದ ಎರಡು ವಸ್ತುಗಳನ್ನು ಒಂದೇ ಡಬ್ಬಿಯಲ್ಲಿ ಮಾರುವುದು ಕೊಳ್ಳುವವನಿಗೆ ಆಗುವ ನಷ್ಟ, ಜೊತೆಗೆ ಇ-ಕಸದ ರಾಶಿಗೆ ಇನ್ನಷ್ಟು ಸೇರ್ಪಡೆ.

ಹಾಗಾದರೆ ಏನು ಕೊಳ್ಳುವುದು? 24, 32 ಇಂಚಿನಲ್ಲಿ ಸ್ಮಾರ್ಟ್ ಅಲ್ಲದ ಎಲ್‌ಇಡಿ ಟಿವಿ ನಮ್ಮಲ್ಲಿ ಇನ್ನೂ ಸಿಗುತ್ತದೆ. ಹೆಚ್ಚಿನವು 1366×768 ಪಿಕ್ಸೆಲ್‌ನವು. ಸುದ್ದಿ, ಧಾರಾವಾಹಿ, ಫ್ರೀ ಡಿಶ್‌ನಲ್ಲಿ ಚಂದನ ನೋಡುವ ಮನೆಗೆ ಇಷ್ಟು ಧಾರಾಳ ಸಾಕು. ಅದಕ್ಕಿಂತ ದೊಡ್ಡದು ಬೇಕೆಂದರೆ ದಾರಿ ಕಿರಿದಾಗುತ್ತದೆ. ಕಂಪ್ಯೂಟರ್ ಮಾನಿಟರ್ 43 ಇಂಚಿನಲ್ಲೂ ಬರುತ್ತದೆ, ಸ್ಪೀಕರ್ ಬೇರೆ ಇಡಬೇಕಾದೀತು. ವಿಮಾನ ನಿಲ್ದಾಣ, ಮಾಲ್‌ಗಳಲ್ಲಿ ಕಾಣುವ ವಾಣಿಜ್ಯ ಡಿಸ್‌ಪ್ಲೇಗಳು ದಿನಕ್ಕೆ 16 ಅಥವಾ 24 ಗಂಟೆ ಉರಿಯಲೆಂದೇ ಕಟ್ಟಿದವು, ಗಟ್ಟಿ. ಬೆಲೆ ಮಾತ್ರ ಅದೇ ಅಳತೆಯ ಟಿವಿಗಿಂತ ಸಾಕಷ್ಟು ಹೆಚ್ಚು, ಬೆಳಕು-ಕತ್ತಲೆಯ ವ್ಯತ್ಯಾಸವನ್ನು ಹೆಚ್ಚು ಚೆನ್ನಾಗಿ ತೋರಿಸುವ, ಸಿನಿಮಾಕ್ಕೆ ಬೇಕಾದ ಎಚ್‌ಡಿಆರ್ ಹಲವದರಲ್ಲಿ ಇರುವುದಿಲ್ಲ. ಮನೆಗೆ ಅದನ್ನು ನಾನು ಸೂಚಿಸುವುದಿಲ್ಲ.

ನಾನು ಸೂಚಿಸುವುದು ಸರಳವಾದದ್ದು: ಚಿತ್ರದ ಗುಣಮಟ್ಟ ನೋಡಿ ಒಳ್ಳೆಯ ಸ್ಮಾರ್ಟ್ ಟಿವಿಯನ್ನೇ ಕೊಂಡು, ಅದಕ್ಕೆ ವೈಫೈ ಪಾಸ್‌ವರ್ಡ್ ಕೊಡದೇ ಇರುವುದು. ಓಟಿಟಿ ಬೇಕಾದರೆ ಹೊರಗಿನಿಂದ ಒಂದು ಸ್ಟ್ರೀಮಿಂಗ್ ಬಾಕ್ಸ್ ಜೋಡಿಸಬೇಕು. ಬಾಕ್ಸ್‌ಗಳೂ ತಮ್ಮ ಮುಖಪುಟದಲ್ಲಿ ಜಾಹೀರಾತು ತೋರಿಸುತ್ತವೆ, ತಮ್ಮ ಮೂಲಕ ಹಾದುಹೋದದ್ದನ್ನು ಗಮನಿಸುತ್ತವೆ. ಆ ಮಟ್ಟಿಗೆ ಇದು ಪೂರ್ತಿ ಬಿಡುಗಡೆಯಲ್ಲ. ಆದರೆ ಪಕ್ಕದ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಏನು ಓಡುತ್ತಿದೆ ಎಂಬುದು ಸ್ಟ್ರೀಮಿಂಗ್ ಬಾಕ್ಸ್‌ಗೆ ಕಾಣದು. ಹಳತಾದಾಗ ಕೆಲವು ಸಾವಿರ ರೂಪಾಯಿಯಲ್ಲಿ ಅದನ್ನಷ್ಟೇ ಬದಲಿಸಬಹುದು. ಹಳೆಯ ಲ್ಯಾಪ್‌ಟಾಪ್ ಕೂಡ ಆದೀತು, ಆದರೆ ಬ್ರೌಸರ್‌ನಲ್ಲಿ ಓಟಿಟಿಗಳು ಹಲವು ಸಲ ಪೂರ್ಣ ಫೋರ್‌ಕೆ ಗುಣಮಟ್ಟ ಕೊಡುವುದಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಅಂಗಡಿಯಲ್ಲಿ ಪರೀಕ್ಷಿಸಬೇಕಾದದ್ದು ಬೇರೆಯೇ ಆಗುತ್ತದೆ. ವೈಫೈ ಇಲ್ಲದೆ ಮೊದಲ ಸೆಟಪ್ ಮುಗಿಯುತ್ತದೆಯೇ? ಗೂಗಲ್ ಟಿವಿಯ ಮಾದರಿಗಳಲ್ಲಿ ಬೇಸಿಕ್ ಟಿವಿ ಎಂಬ ಆಯ್ಕೆ ಇದಕ್ಕೆಂದೇ ಇದೆ. ಆನ್ ಮಾಡಿದೊಡನೆ ಮುಖಪುಟಕ್ಕೆ ಹೋಗದೆ ನೇರವಾಗಿ ಎಚ್‌ಡಿಎಂಐಗೆ ಬರುತ್ತದೆಯೇ? ಎಚ್‌ಡಿಎಂಐ ಕಿಂಡಿಗಳು ಮೂರಾದರೂ ಇವೆಯೇ? ದೋಷ ಸರಿಪಡಿಸುವ ಅಪ್‌ಡೇಟ್‌ಗಳನ್ನು ಪೆನ್‌ಡ್ರೈವ್‌ನಿಂದ ಹಾಕಬಹುದೇ? ಹಾಗೆಯೇ ಮೋಷನ್ ಸ್ಮೂದಿಂಗ್ ಆಫ್ ಮಾಡಲು ಬರುತ್ತದೆಯೇ ನೋಡಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳದ್ದು. ಆ ಸೌಲಭ್ಯ ನಡುನಡುವೆ ಇಲ್ಲದ ಚೌಕಟ್ಟುಗಳನ್ನು ತಾನೇ ಊಹಿಸಿ ತುಂಬಿ, ಛಾಯಾಗ್ರಾಹಕರು ಕಷ್ಟಪಟ್ಟು ತೆಗೆದದ್ದನ್ನು ಧಾರಾವಾಹಿಯಂತೆ ಕಾಣಿಸುತ್ತದೆ.

ವೈಯಕ್ತಿಕ ದತ್ತಾಂಶ ರಕ್ಷಣೆಗೆ ನಮ್ಮಲ್ಲಿ 2023ರ ಕಾಯ್ದೆ ಇದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಈ ಕಾಯ್ದೆಯ ಜೀವಾಳ ಒಪ್ಪಿಗೆ. ಆದರೆ ನಮ್ಮ ಮನೆಗಳಲ್ಲಿ ಆ ಒಪ್ಪಿಗೆಯ ಗುಂಡಿ ಒತ್ತುವವರು ಎಷ್ಟೋ ಸಲ ಗೋಡೆಗೆ ಟಿವಿ ಹಾಕಲು ಬಂದ ಹುಡುಗರು. ಅವರಿಗೆ ಇನ್ನೂ ನಾಲ್ಕು ಮನೆಗೆ ಹೋಗುವ ಅವಸರ, ಮನೆಯವರು ವೈಫೈ ಪಾಸ್‌ವರ್ಡ್ ಹೇಳಿ ಕಾಫಿ ಮಾಡಲು ಒಳಗೆ ಹೋಗಿರುತ್ತಾರೆ. ಮೊಳೆ ಹೊಡೆದಾದ ಮೇಲೆ ರಿಮೋಟ್ ಈಸಿಕೊಂಡು ಮುಂದಿನದನ್ನು ನೀವೇ ಮಾಡಿ. ಆಗಲೇ ಎಲ್ಲಕ್ಕೂ ಒಪ್ಪಿಗೆ ಕೊಟ್ಟಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಇದೆ. ಅದನ್ನು ಒತ್ತಿ, ಟಿವಿ ಮತ್ತೆ ವೈಫೈ ಕೇಳಿದಾಗ ಸ್ಕಿಪ್ ಆರಿಸಿಕೊಂಡು ಮುಂದೆ ಹೋಗಿ.