ಡಬಲ್ ಮಾರ್ಕರ್ ರಿಪೋರ್ಟಿನಲ್ಲಿ ಯಾರೂ ಓದದ ಸಾಲು

ಗರ್ಭಿಣಿಯರಿಗೆ ಮೂರನೇ ತಿಂಗಳ ಹೊತ್ತಿಗೆ ಮಾಡಿಸುವ ಡಬಲ್ ಮಾರ್ಕರ್ ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ‘ಲೋ ರಿಸ್ಕ್’ ಅನ್ನುವ ಎರಡು ಪದಗಳಿಗೆ. ಡೌನ್ ಸಿಂಡ್ರೋಮ್ ಭಯ ಇಲ್ಲ ಅಂತ ತಿಳಿದರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಹಾಳೆ ಮಡಚಿ ತಾಯಿ ಕಾರ್ಡಿನೊಳಗೆ ಇಟ್ಟುಬಿಡುತ್ತಾರೆ. ಅದೇ ಹಾಳೆಯಲ್ಲಿ ಇನ್ನೂ ಎರಡು ಅಂಕಿ ಇರುತ್ತವೆ. ಒಂದು ಬೀಟಾ ಎಚ್‌ಸಿಜಿ, ಇನ್ನೊಂದು ಪ್ಯಾಪ್-ಎ. ಪ್ಯಾಪ್-ಎ ಮುಂದೆ 0.32 ಎಂಓಎಂ ಅಂತ ಇದ್ದರೆ, ಮೇಲೆ ಲೋ ರಿಸ್ಕ್ ಅಂತ ಬರೆದಿದ್ದರೂ, ಆ ಹಾಳೆಯನ್ನು ನಿಮ್ಮ ಡಾಕ್ಟರ ಮುಂದೆ ಇನ್ನೊಮ್ಮೆ ಇಡಬೇಕು.

ಎಂಓಎಂ ಅಂದರೆ ಅಷ್ಟೇ ವಾರದ ಗರ್ಭಿಣಿಯರ ಜೊತೆ ಹೋಲಿಸಿದ ಲೆಕ್ಕ. 1 ಅಂದರೆ ಸರಿಯಾಗಿ ಮಧ್ಯದಲ್ಲಿದ್ದೀರಿ. ಪ್ಯಾಪ್-ಎ 0.4ಕ್ಕಿಂತ ಕಡಿಮೆ ಬಂದರೆ ಮಗು ಮುಂದೆ ಸಣ್ಣದಾಗಿ ಬೆಳೆಯುವ ಸಂಭವ ಜಾಸ್ತಿ ಅಂತ ಹೆರಿಗೆ ಡಾಕ್ಟರುಗಳಾದ ನಾವು ಎಚ್ಚರ ವಹಿಸುತ್ತೇವೆ. ಪ್ಯಾಪ್-ಎ ಒಂದು ಪ್ರೋಟೀನ್. ಅದನ್ನು ತಾಯಿಯ ರಕ್ತದಲ್ಲಿ ಮೊದಲು ಗುರುತಿಸಿದ್ದು 1974ರಲ್ಲಿ. ಅದನ್ನು ತಯಾರು ಮಾಡುವುದು ಮಾಸು (ಪ್ಲಾಸೆಂಟಾ). ಬೆಳವಣಿಗೆಗೆ ಬೇಕಾದ ಐಜಿಎಫ್ ಎಂಬ ವಸ್ತುವನ್ನು ಇನ್ನೊಂದು ಪ್ರೋಟೀನ್ ಕಟ್ಟಿಹಾಕಿರುತ್ತದೆ. ಪ್ಯಾಪ್-ಎ ಆ ಕಟ್ಟನ್ನು ಕತ್ತರಿಸಿ ಐಜಿಎಫ್ ಅನ್ನು ಬಿಡಿಸುತ್ತದೆ. ಮಾಸು ಗರ್ಭಕೋಶದಲ್ಲಿ ಸರಿಯಾಗಿ ಊರಿಕೊಳ್ಳದಿದ್ದರೆ ಪ್ಯಾಪ್-ಎ ಕಡಿಮೆ ಬರಬಹುದು. ಚನ್ನಗಿರಿ ಕಡೆಯ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಸಸಿಯ ಎಲೆ ಹಳದಿಯಾಗುವ ಎಷ್ಟೋ ದಿನ ಮೊದಲೇ ಬೇರಿನಲ್ಲಿ ತೊಂದರೆ ಶುರುವಾಗಿರುತ್ತದೆ.

ಹಾಗಂತ ಹೆದರಬೇಡಿ. ಪ್ಯಾಪ್-ಎ ಕಡಿಮೆ ಇದ್ದವರಲ್ಲಿ ಹೆಚ್ಚಿನವರಿಗೆ ಸರಿಯಾದ ತೂಕದ ಮಗುವೇ ಹುಟ್ಟುತ್ತದೆ. ಅಂಕಿ ಚೆನ್ನಾಗಿದ್ದ ಕೆಲವರಿಗೆ ಸಣ್ಣ ಮಗು ಹುಟ್ಟುವುದೂ ಉಂಟು. ಇಂಥ 37 ಮಾರ್ಕರ್‌ಗಳ (ಸೂಚಕಗಳ) ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಒಂದು ಪರಿಶೀಲನೆ 2013ರಲ್ಲಿ ಪ್ರಕಟವಾಯಿತು. ಯಾವುದೇ ಒಂದು ಮಾರ್ಕರ್ ನಂಬಿ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ ಅಂತ ಖಚಿತವಾಗಿ ಹೇಳಲಾಗದು ಅನ್ನುವುದೇ ಅದರ ಒಟ್ಟು ಫಲಿತಾಂಶ. ನನ್ನ ಮಟ್ಟಿಗೆ ಈ ಅಂಕಿಯ ಕೆಲಸ ಒಂದೇ: ಯಾರನ್ನು ಹೆಚ್ಚು ಸಲ ಕರೆಸಿ ನೋಡಬೇಕು ಅಂತ ತೋರಿಸುವುದು.

ಅದಕ್ಕೂ ಮೊದಲು ದಿನಾಂಕ ಸರಿ ಇದೆಯಾ ನೋಡಬೇಕು. ಪ್ಯಾಪ್-ಎ ಆ ವಾರಗಳಲ್ಲಿ ಬಹಳ ಬೇಗ ಏರುತ್ತದೆ. ವಾರದ ಲೆಕ್ಕ ತಪ್ಪಿದರೆ ಚೆನ್ನಾಗಿರುವ ಮಾಸೂ ಕಾಗದದ ಮೇಲೆ ಸೋತಂತೆ ಕಾಣುತ್ತದೆ. ‘ದುಗ್ಗಮ್ಮನ ಜಾತ್ರೆ ಆದ ಮೇಲೆ ಮುಟ್ಟಾಗಿದ್ದೆ ಮೇಡಂ, ದಿನ ನೆನಪಿಲ್ಲ’ ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ತಪ್ಪೇನಿಲ್ಲ. ಆದರೆ 11ರಿಂದ 14 ವಾರದೊಳಗಿನ ಸ್ಕ್ಯಾನಿನಲ್ಲಿ ಮಗುವಿನ ತಲೆಯಿಂದ ಕುಂಡಿಯವರೆಗಿನ ಉದ್ದ ಅಳೆದು, ಅದರ ಮೇಲೆ ವಾರ ಲೆಕ್ಕ ಹಾಕಿರಬೇಕು. ಲ್ಯಾಬಿನ ಫಾರಂನಲ್ಲಿ ನಿಮ್ಮ ತೂಕವನ್ನೂ ಸರಿಯಾಗಿ ಬರೆಸಿ. ತಾಯಿಯ ತೂಕ ಹೆಚ್ಚಿದ್ದರೆ ರಕ್ತದಲ್ಲಿ ಈ ಪ್ರೋಟೀನ್ ತೆಳುವಾಗಿ ಕಾಣುತ್ತದೆ. ಅದಕ್ಕೆ ಲೆಕ್ಕ ಸರಿಪಡಿಸುತ್ತಾರೆ. ಅವಳಿ ಮಗು, ಐವಿಎಫ್ ಗರ್ಭ ಇದ್ದರೆ ಅದನ್ನೂ ಹೇಳಬೇಕು. ಸುಮ್ನೆ ಅಂದಾಜಿಗೆ ತುಂಬಿದ ಫಾರಂನಿಂದ ಬರುವ ಅಂಕಿಗೂ ಅಷ್ಟೇ ಬೆಲೆ.

ಅಂಕಿ ನಿಜವಾಗಿಯೂ ಕಡಿಮೆ ಇದ್ದರೆ ಆಮೇಲೆ ಏನು? ಬಿಪಿ, ಹಿಂದಿನ ಹೆರಿಗೆ, ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಎಲ್ಲ ಸೇರಿಸಿ ನೋಡಿ, ಕೆಲವರಿಗೆ ಆಸ್ಪಿರಿನ್ ಶುರು ಮಾಡುತ್ತೇವೆ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ ಹೆಚ್ಚು ಅಪಾಯವಿದ್ದ ಗರ್ಭಿಣಿಯರಿಗೆ 11–14 ವಾರದಿಂದ 36ನೇ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟಿದ್ದರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಬಿಪಿ ತೊಂದರೆ, ಅಂದರೆ ಪ್ರಿಎಕ್ಲಾಂಪ್ಸಿಯಾ, ಅವರಲ್ಲಿ ಶೇ 62ರಷ್ಟು ಇಳಿಯಿತು. ಆ ಬಿಪಿ ತೊಂದರೆಯ ಮೂಲವೂ ಬಹಳ ಸಲ ಇದೇ ಮಾಸು. 16 ವಾರಕ್ಕೆ ಮೊದಲೇ ಶುರು ಮಾಡಬೇಕು, ತಡವಾದರೆ ಲಾಭ ಕಡಿಮೆ. ಪಕ್ಕದ ಮನೆಯವರು ತಗೊಂಡರು ಅಂತ ನೀವೇ ಅಂಗಡಿಯಿಂದ ತರಬೇಡಿ.

ಆರನೇ ತಿಂಗಳ ಹೊತ್ತಿಗೆ ಇನ್ನೊಂದು ಬಗೆಯ ರಕ್ತ ಪರೀಕ್ಷೆಯ ಮಾತು ಬರುತ್ತದೆ: ಪಿಎಲ್‌ಜಿಎಫ್ ಮತ್ತು ಎಸ್‌ಎಫ್‌ಎಲ್‌ಟಿ-1. ಮೊದಲನೆಯದು ರಕ್ತನಾಳ ಬೆಳೆಸುವಂಥದ್ದು. ಎರಡನೆಯದು ಕಷ್ಟದಲ್ಲಿರುವ ಮಾಸು ಹೆಚ್ಚು ಹೊರಬಿಡುವಂಥದ್ದು, ಮೊದಲನೆಯದನ್ನು ಹಿಡಿದು ನಿಷ್ಕ್ರಿಯ ಮಾಡುತ್ತದೆ. ಬಿಪಿ ತೊಂದರೆಯ ಅನುಮಾನ ಇದ್ದವರಲ್ಲಿ ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯಾ ಬರುವ ಸಂಭವ ತೀರಾ ಕಡಿಮೆ ಅಂತ 2016ರ ಅಧ್ಯಯನ ತೋರಿಸಿತು. ಬೆಳವಣಿಗೆಯ ವಿಷಯದಲ್ಲಿ ನನಗೆ ಇದು ಉಪಯೋಗಕ್ಕೆ ಬರುವುದು ಬೇರೆ ಕಡೆ. ತಾಯಿ ಕುಳ್ಳಗಿದ್ದಾಳೆ, ತಂದೆಯೂ ಸಣಕಲು. ಮಗು ಸಣ್ಣಗಿದೆ. ಇದು ಮನೆತನದ ಸಣ್ಣತನವೋ, ಮಾಸು ಕೈಕೊಟ್ಟಿದ್ದೋ? ಪಿಎಲ್‌ಜಿಎಫ್ ಚೆನ್ನಾಗಿದ್ದರೆ ಮೊದಲನೆಯದರ ಕಡೆ ತೂಕ ಬೀಳುತ್ತದೆ. ತೀರಾ ಕಡಿಮೆ ಇದ್ದರೆ ಡಾಪ್ಲರ್ ಮುಂದಕ್ಕೆ ಹಾಕುವಂತಿಲ್ಲ. ಆದರೆ ಈ ಪರೀಕ್ಷೆ ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ಎಲ್ಲ ಗರ್ಭಿಣಿಯರಿಗೂ ಬರೆಯುವಂಥದ್ದಲ್ಲ.

ಜಗಳೂರಿನ ಹಳ್ಳಿಯಿಂದ ಬಸ್ ಹಿಡಿದು ಬರುವ ಹೆಣ್ಣುಮಗಳಿಗೆ ಆ ಪರೀಕ್ಷೆಗಿಂತ ಮೊದಲು ಬೇಕಾದದ್ದು ಒಂದು ಟೇಪು. 24 ವಾರ ದಾಟಿದ ಮೇಲೆ ಹೊಟ್ಟೆಯ ಎತ್ತರ ಸೆಂಟಿಮೀಟರಿನಲ್ಲಿ ಹೆಚ್ಚುಕಡಿಮೆ ವಾರದಷ್ಟೇ ಇರಬೇಕು. 32 ವಾರಕ್ಕೆ 28 ಸೆಂಟಿಮೀಟರ್ ಬಂದರೆ ಅವತ್ತೇ ಸ್ಕ್ಯಾನಿಗೆ ಕಳಿಸಬೇಕು. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ಹೊಟ್ಟೆಯ ಅಳತೆ ಪ್ರತಿ ಸಲ ತುಂಬಿದ್ದಾರಾ ಅಂತ ನೀವೇ ನೋಡಿ, ಖಾಲಿ ಇದ್ದರೆ ಕೇಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆಶಾ ಕಾರ್ಯಕರ್ತೆ ಕರೆದರೆ ತಪ್ಪಿಸಬೇಡಿ.

‘ಜಾಸ್ತಿ ಉಣ್ಣಬೇಡ, ಮಗು ದಪ್ಪ ಆದ್ರೆ ಹೆರಿಗೆ ಕಷ್ಟ ಆಗ್ತದೆ’ ಅನ್ನುವ ಅತ್ತೆಯರು ಈಗಲೂ ಇದ್ದಾರೆ. ಅವರದು ಪ್ರೀತಿಯೇ, ನನಗೆ ಗೊತ್ತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ. ದಯವಿಟ್ಟು ಸೊಸೆಯ ತಟ್ಟೆಗೆ ಕಡಿವಾಣ ಹಾಕಬೇಡಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ. ಅದು ಮಗುವಿನ ತೂಕಕ್ಕೆ ನೇರ ಹೊಡೆತ. ಇನ್ನೊಂದು ಕಡೆ, ಸೋತ ಮಾಸನ್ನು ಸರಿಪಡಿಸುವ ಔಷಧ ಇವತ್ತಿಗೂ ಇಲ್ಲ. ಪ್ರೋಟೀನ್ ಪುಡಿ, ಅಮೈನೋ ಆಸಿಡ್ ಬಾಟ್ಲಿಗೆ ದುಡ್ಡು ಸುರಿಯುವ ಕುಟುಂಬಗಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಮ್ಮ ಕೈಯಲ್ಲಿರುವುದು ಮಗುವಿನ ಮೇಲೆ ಕಣ್ಣಿಟ್ಟು, ಡಾಪ್ಲರಿನಲ್ಲಿ ಹೊಕ್ಕುಳ ಬಳ್ಳಿಯ ರಕ್ತದ ಹರಿವು ನೋಡಿ, ಸರಿಯಾದ ದಿನ ಹೆರಿಗೆ ಮಾಡಿಸುವುದು. ತೂಕ ನೋಡುವ ಸ್ಕ್ಯಾನನ್ನು ನಾಲ್ಕು ದಿನಕ್ಕೊಮ್ಮೆ ಮಾಡಿಸಿ ಪ್ರಯೋಜನವಿಲ್ಲ. ಎರಡು ಸ್ಕ್ಯಾನಿನ ನಡುವೆ ಕನಿಷ್ಠ ಎರಡು ವಾರ ಬೇಕು. ಅಂದಾಜು ತೂಕದಲ್ಲೇ ಶೇ 10ರಷ್ಟು ಹೆಚ್ಚುಕಡಿಮೆ ಇರುತ್ತದಲ್ವಾ.

ನಮ್ಮ ಊರಿನ ದೊಡ್ಡ ತೊಂದರೆ ಇನ್ನೊಂದಿದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಗಂಡನ ಮನೆ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹೆರಿಗೆಗೆ ದಾವಣಗೆರೆಗೆ, ತವರಿಗೆ ಬರುತ್ತಾರೆ. ಬ್ಯಾಗಿನಲ್ಲಿ ಸೀರೆ, ಬಳೆ ಎಲ್ಲ ಇರುತ್ತದೆ, ಮೊದಲ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಮಾತ್ರ ಅಲ್ಲೇ ಬೀರುವಿನಲ್ಲಿ. ಆ ಎರಡು ಹಾಳೆ ಇಲ್ಲದಿದ್ದರೆ ಮಗು ಸಣ್ಣದೋ, ದಿನಾಂಕವೇ ತಪ್ಪೋ ಅಂತ ಎಂಟನೇ ತಿಂಗಳಲ್ಲಿ ಹೇಳುವುದು ನಮಗೆ ಬಹಳ ಕಷ್ಟ. ಹೊರಡುವ ಮುಂಚೆ ಎಲ್ಲ ರಿಪೋರ್ಟಿನ ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ಮೂಲ ಪ್ರತಿಯನ್ನೂ ತನ್ನಿ. ಬಂದ ವಾರದಲ್ಲೇ ಒಮ್ಮೆ ತೋರಿಸಿ. ಮಗುವಿನ ಒದೆತ ಕಡಿಮೆ ಆಯಿತು ಅನಿಸಿದರೆ ಮಾತ್ರ ರಿಪೋರ್ಟ್ ಹುಡುಕುತ್ತಾ ಕೂರಬೇಡಿ. ಬೆಳಗಾಗಲಿ ಅಂತಲೂ ಕಾಯಬೇಡಿ. ಆಗಲೇ ಹೊರಟು ಹೆರಿಗೆ ಆಸ್ಪತ್ರೆಗೆ ಬನ್ನಿ.