ಡ್ರಮ್ಮರ್ ಇಲ್ಲದೆ ಮಾಡಿದ ಆಲ್ಬಮ್ ಮೋಸವಾ?

ಪ್ರಶ್ನೆ: ಸರ್, ನಾವು ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದೀವಿ. ಗಿಟಾರ್‌ಗೆ ಇಬ್ಬರಿದ್ದೀವಿ, ಬೇಸ್‌ಗೆ ಒಬ್ಬನಿದ್ದಾನೆ. ಡ್ರಮ್ಮರ್ ಮಾತ್ರ ಸಿಗ್ತಿಲ್ಲ. ನೆಕ್ರೋಫೇಜಿಸ್ಟ್ ಬ್ಯಾಂಡ್‌ನ ಮೊದಲ ಆಲ್ಬಮ್‌ನಲ್ಲಿ ಡ್ರಮ್ ಯಾರೂ ಬಾರಿಸಿಲ್ಲ, ಎಲ್ಲ ಪ್ರೋಗ್ರಾಮ್ ಮಾಡಿದ್ದು ಅಂತಾರೆ. ನಿಜವಾ? ಹಾಗಿದ್ರೆ ಅದು ಮೋಸ ಅಲ್ವಾ?

ಉತ್ತರ: ನಿಜ. ಆದರೆ ಮೋಸ ಅಲ್ಲ.

ಹಾಸನ, ಚಿಕ್ಕಮಗಳೂರು ಕಡೆಯ ಹುಡುಗರು ಇದನ್ನು ಪದೇ ಪದೇ ಕೇಳುತ್ತಾರೆ. ಬಾಡಿಗೆ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಗಿಟಾರ್ ಅಭ್ಯಾಸ ಮಾಡಬಹುದು. ಅದೇ ರೂಮಿನಲ್ಲಿ ಡ್ರಮ್ ಸೆಟ್ ಇಡಲು ಯಾವ ಓನರ್ ಒಪ್ಪುತ್ತಾರೆ? ಹಾಗಾಗಿ ಗಿಟಾರ್‌ನವರು ಜಾಸ್ತಿ, ಡ್ರಮ್ಮರ್‌ಗಳು ಕಡಿಮೆ.

ನೀವು ಹೇಳುತ್ತಿರುವ ಆಲ್ಬಮ್ 'ಆನ್‌ಸೆಟ್ ಆಫ್ ಪ್ಯೂಟ್ರಿಫ್ಯಾಕ್ಷನ್', 1999ರದ್ದು. ಬ್ಯಾಂಡ್ ಶುರುವಾಗಿದ್ದು 1992ರಲ್ಲಿ, ಜರ್ಮನಿಯಲ್ಲಿ. ಕಟ್ಟಿದವರು ಟರ್ಕಿ ಮೂಲದ ಮುಹಮ್ಮದ್ ಸುಯಿಚ್ಮೆಜ್. ಈ ಆಲ್ಬಮ್‌ನಲ್ಲಿ ಹಾಡಿದ್ದು, ಗಿಟಾರ್‌ನ ಬಹುಪಾಲು ನುಡಿಸಿದ್ದು, ಡ್ರಮ್ ಪ್ರೋಗ್ರಾಮ್ ಮಾಡಿದ್ದು ಎಲ್ಲ ಅವರೇ. ಹೆಚ್ಚುಕಮ್ಮಿ ಒಬ್ಬರದೇ ಕೆಲಸ.

ಪ್ರೋಗ್ರಾಮ್ ಮಾಡುವುದು ಅಂದರೆ ಬಟನ್ ಒತ್ತಿ ಸುಮ್ನೆ ಕೂರುವುದಲ್ಲ. ಸ್ನೇರ್ (ಚಟ್ ಅನ್ನುವ ಚಿಕ್ಕ ಡ್ರಮ್) ಎಲ್ಲಿ, ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಎಲ್ಲಿ, ಸಿಂಬಲ್ (ಲೋಹದ ತಟ್ಟೆ) ಎಲ್ಲಿ ಅಂತ ಒಂದೊಂದು ಪೆಟ್ಟನ್ನೂ ಮೆಷಿನ್‌ನಲ್ಲಿ ಕೂಡಿಸಬೇಕು. ಈ ಬ್ಯಾಂಡ್‌ನದು ಟೆಕ್ನಿಕಲ್ ಡೆತ್ ಮೆಟಲ್, ಅಂದರೆ ತುಂಬ ಒರಟಾದ, ನುಡಿಸಲು ಕಷ್ಟವಾದ ಮೆಟಲ್ ಸಂಗೀತ. ಇದರಲ್ಲಿ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬೇಗ ಬೇಗ ಬದಲಾಗುತ್ತದೆ, ಎಣಿಕೆಯೂ ಅದರ ಜೊತೆ ಬದಲಾಗುತ್ತದೆ. ಒಂದೇ ಬೀಟನ್ನು ಹಾಡಿನುದ್ದಕ್ಕೂ ಓಡಿಸಲು ಆಗುವುದಿಲ್ಲ. ಪ್ರತಿ ತಿರುವಿಗೂ ಹೊಸದಾಗಿ ಬರೆಯಬೇಕು. ಇದು ತಾಳ ಗೊತ್ತಿದ್ದವರಿಗೆ ಮಾತ್ರ ಆಗುವ ಕೆಲಸ.

ಮೆಷಿನ್ ಅಂತ ಕಿವಿಗೆ ಗೊತ್ತಾಗುತ್ತದಾ? ಗೊತ್ತಾಗುತ್ತದೆ. ಬ್ಲಾಸ್ಟ್ ಬೀಟ್, ಅಂದರೆ ಸ್ನೇರ್, ಕಿಕ್ ಎಡೆಬಿಡದೆ ಅತಿ ವೇಗವಾಗಿ ಬಡಿಯುವ ಬೀಟ್, ಬಂದಾಗ ಸ್ನೇರ್ ಮೇಲೆ ಕಿವಿ ಇಡಿ. ಮನುಷ್ಯ ಬಾರಿಸಿದರೆ ಎರಡು ಪೆಟ್ಟು ಒಂದೇ ಥರ ಇರುವುದಿಲ್ಲ, ಒಂದು ತುಸು ಜೋರು, ಇನ್ನೊಂದು ಕೂದಲೆಳೆಯಷ್ಟು ಹಿಂದೆ. ಇಲ್ಲಿ ಎಲ್ಲ ಒಂದೇ ತೂಕ. ನನಗೆ ಈ ಆಲ್ಬಮ್‌ನಲ್ಲಿ ಕೊರತೆ ಅನ್ನಿಸುವುದು ಇದೊಂದೇ. ಗಿಟಾರ್ ಏನಾದರೂ ಹೇಳಿದಾಗ ಡ್ರಮ್ ತಿರುಗಿ ಮಾತಾಡುವುದಿಲ್ಲ. 2004ರಲ್ಲಿ ಇದನ್ನು ಮತ್ತೆ ಬಿಡುಗಡೆ ಮಾಡುವಾಗ ಡ್ರಮ್‌ಗೆ ಬೇರೆ ಸ್ಯಾಂಪಲ್‌ಗಳನ್ನು (ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದುಗಳನ್ನು) ಹಾಕಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ.

ಆದರೆ ಆಲ್ಬಮ್‌ನ ಜೀವ ಇರುವುದು ಗಿಟಾರ್‌ನಲ್ಲಿ. ಕಿವಿ ಹರಿಯುವಷ್ಟು ಒರಟು ರಿಫ್ ನಡುವೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ನೆರಳಿರುವ ಸೋಲೋ ಬರುತ್ತದೆ. ಬೆರಳಿನ ಓಟ ತೋರಿಸಲು ತುರುಕಿದ್ದಲ್ಲ, ಮೊದಲೇ ಕೂತು ಹೆಣೆದದ್ದು. ಮೊದಲ ಸಲ ಬರೀ ಗದ್ದಲ ಅನ್ನಿಸಿದರೆ ಡ್ರಮ್ ಬಿಟ್ಟು ಒಂದೇ ಗಿಟಾರನ್ನು ಹಿಂಬಾಲಿಸಿ. ಮೃದಂಗ ಕಲಿತ ಗೆಳೆಯರು ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಐದಕ್ಕೆ 'ತಕ ತಕಿಟ', ಏಳಕ್ಕೆ 'ತಕಿಟ ತಕದಿಮಿ' ಅಂತ ಬಾಯಲ್ಲಿ ಹೇಳಿಕೊಂಡು ಎಣಿಸುವ ಅಭ್ಯಾಸ ಅವರಿಗಿರುತ್ತದೆ. ಎಣಿಕೆ ಸಿಕ್ಕಿತು ಅಂದರೆ ಗದ್ದಲ ಬಿಡಿಸಿಕೊಳ್ಳುತ್ತದೆ.

ಇನ್ನು ಮೋಸದ ಮಾತು. ಡ್ರಮ್ಮರ್ ಇರುವ ಮೆಟಲ್ ಆಲ್ಬಮ್‌ಗಳಲ್ಲೂ ಸ್ಟುಡಿಯೋದಲ್ಲಿ ಪೆಟ್ಟುಗಳನ್ನು ಎಳೆದು ಸರಿಯಾದ ಜಾಗಕ್ಕೆ ಕೂರಿಸುವುದು, ಕಿಕ್ ಸದ್ದಿನ ಬದಲು ಸ್ಯಾಂಪಲ್ ಹಾಕುವುದು ಮಾಮೂಲು. ಅದನ್ನು ಒಪ್ಪಿ ಇದನ್ನು ಮಾತ್ರ ತಳ್ಳಿಹಾಕುವುದು ನ್ಯಾಯ ಅಲ್ಲ. 2004ರ ಎರಡನೇ ಆಲ್ಬಮ್ 'ಎಪಿಟಾಫ್'ನಲ್ಲಿ ಹಾನ್ನೆಸ್ ಗ್ರೋಸ್‌ಮನ್ ಡ್ರಮ್ ಬಾರಿಸಿದರು. ಮುಂದೆ ಮಾರ್ಕೋ ಮಿನ್ನೆಮನ್‌ರಂಥ ಡ್ರಮ್ಮರ್‌ಗಳೂ ಈ ಬ್ಯಾಂಡ್ ಜೊತೆ ವೇದಿಕೆ ಹತ್ತಿದರು. ಮೊದಲ ಆಲ್ಬಮ್‌ನ ಹಾಡುಗಳು ವೇದಿಕೆ ಮೇಲೆ ಮನುಷ್ಯರ ಕೈಯಲ್ಲೇ ನಡೆದವು.

ನೀವೂ ಧೈರ್ಯವಾಗಿ ಪ್ರೋಗ್ರಾಮ್ ಮಾಡಿ. ಆದರೆ ಡ್ರಮ್ಮರ್‌ಗೆ ಇರುವುದು ಎರಡು ಕೈ, ಎರಡು ಕಾಲು ಅನ್ನುವುದು ನೆನಪಿರಲಿ. ಸ್ನೇರ್, ಟಾಮ್ (ಕೈಯಲ್ಲಿ ಬಾರಿಸುವ ಇನ್ನೊಂದು ಡ್ರಮ್), ಸಿಂಬಲ್ ಮೂರಕ್ಕೂ ಒಂದೇ ಕ್ಷಣದಲ್ಲಿ ಪೆಟ್ಟು ಬರೆಯಬೇಡಿ. ಪ್ರತಿ ಪೆಟ್ಟಿನ ಜೋರನ್ನು ತುಸು ಹೆಚ್ಚುಕಮ್ಮಿ ಮಾಡಿ. ಬರೆದದ್ದನ್ನು ಮೇಜಿನ ಮೇಲೆ ಕೈಯಲ್ಲಿ ನಿಧಾನವಾಗಿ ತಟ್ಟಿ ನೋಡಿ. ನಿಮ್ಮ ಕೈಗೆ ನಿಧಾನದಲ್ಲೂ ಕೂರದ ಜಾಗ ಸಿಕ್ಕರೆ ಅಲ್ಲಿ ತಿದ್ದಿ, ನಾಳೆ ಸಿಗುವ ಡ್ರಮ್ಮರ್‌ಗೂ ಅದೇ ಜಾಗದಲ್ಲಿ ಕಷ್ಟವಾಗುತ್ತದೆ.